ಕರಿಬೇವಿಗೆ ಸುರಿದ ವಜೂ ನೀರು

ಹೊಸ ಸೊಸೆಯಾಗಿ ಬೋರಗಾಂವಕ್ಕೆ ಬಂದಾಗ ನನಗೊಂದು ಕಾಟವಿತ್ತು. ನಮಾಜಿಗೆ ಮುಂಚೆ ಕೈ, ಮುಖ, ಕಾಲು ತೊಳೆದು ಶುದ್ಧವಾಗುವ ವಜೂ ಮಾಡುವಾಗ, ಮೊಳಕೈ ನೀರು ತಾಗದೆ ಉಳಿಯಿತೆನ್ನಿಸಿ ಮತ್ತೆ ಮತ್ತೆ ತೊಳೆಯುತ್ತಿದ್ದೆ. ಚಿಕ್ಕಮ್ಮನೆಂಬಂತೆ ನಾನು ಖಾಲಾ ಎನ್ನುತ್ತಿದ್ದ ಪಕ್ಕದ ಮನೆಯ ಹಿರಿಯಾಕೆ ಮಗ್ಗಕ್ಕೆ ನೂಲು ಸುತ್ತುವವರು. ತಲೆಯಲ್ಲಿ ಸದಾ ಹತ್ತಿಯ ಎಳೆ. ಕಂಡಾಗಲೆಲ್ಲ, "ಸಂಶಯಕ್ಕ ನೀರ ಹಾಕಬ್ಯಾಡ ಬೇಟಿ, ಬೆಳೀತೈತಿ" ಎನ್ನುತ್ತಿದ್ದರು.

ಒಂದು ಸಂಜೆ ಮಗರಿಬ್ ನಮಾಜಿನ ಹೊತ್ತು ಮೀರುತ್ತಿದ್ದರೂ ನಾನು ಅಳುತ್ತ ತೊಳೆಯುತ್ತಲೇ ಇದ್ದೆ. ಹಿತ್ತಿಲ ಬಾಗಿಲಿಂದ ಬಂದ ಖಾಲಾ ತಂಬಿಗೆ ಕಸಿದು, ಉಳಿದ ನೀರನ್ನು ಬಾಗಿಲಾಚೆಯ ಕರಿಬೇವಿನ ಗಿಡಕ್ಕೆ ಸುರಿದರು.

"ತೊಳದದ್ದು ನೆನಪೈತಲ್ಲ? ಹಂಗಾರ ಆತು, ನಡಿ" ಎಂದು ನನ್ನ ಒದ್ದೆ ಮೊಳಕೈ ಹಿಡಿದು ನಮಾಜಿನ ಚಾಪೆಯ ಮೇಲೆ ನಿಲ್ಲಿಸಿದರು.

ಖಾಲಾ ತೀರಿಹೋಗಿ ವರ್ಷಗಳಾದವು. ಈಗಲೂ ವಜೂ ಮಾಡಲು ಕುಳಿತರೆ, ಹಿತ್ತಿಲ ಬಾಗಿಲನ್ನು ತೆರೆದೇ ಇಡುತ್ತೇನೆ.