ದೇವಮ್ಮನ ರಕ್ತದಲ್ಲಿ ಕಂಡದ್ದು

ದೆವ್ವ, ಶಕುನ ಎಂದು ಯಾರಾದರೂ ಮಾತು ತೆಗೆದರೆ ಎದ್ದು ಹೋಗುವ ಜಾತಿ ನನ್ನದು. ಹಾಗೆ ಎದ್ದು ಹೋಗಿ ಎಷ್ಟೋ ನೆಂಟರ ಮನಸ್ಸು ನೋಯಿಸಿದ್ದೇನೆ. ಮೈಕ್ರೋಸ್ಕೋಪಿನಲ್ಲಿ ಕಂಡರೆ ಉಂಟು, ಕಾಣದಿದ್ದರೆ ಇಲ್ಲ. ನಾನು ಜೀವಮಾನವಿಡೀ ಅನ್ನ ತಿಂದದ್ದು ಈ ಒಂದು ನಿಯಮದ ಮೇಲೆ. ಈಗ ಹೇಳಹೊರಟ ಸಂಗತಿ ನಡೆದದ್ದು ಆ ಮೈಕ್ರೋಸ್ಕೋಪಿನಲ್ಲೇ, ಅದೂ ಹಾಡಹಗಲು. ಆದ್ದರಿಂದ ಈ ಮಾತಿನಿಂದ ಎದ್ದು ಹೋಗಲು ನನಗೇ ಆಗುತ್ತಿಲ್ಲ.

ಅದು ಮಹಾಯುದ್ಧದ ಕಾಲ. ಜಾವಾ ಜಪಾನಿನವರ ಕೈಸೇರಿ, ಅಲ್ಲಿಂದ ಕ್ವಿನೈನ್ ಮದ್ದು ಬರುವುದು ನಿಂತುಹೋಗಿತ್ತು. ಮಲೇರಿಯಾ ಮಾತ್ರ ನಿಂತಿರಲಿಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಈ ಚಳಿಜ್ವರಕ್ಕೆ ಸಿಕ್ಕಿ ಎಷ್ಟೋ ಮನೆಗಳು ಪಾಳುಬಿದ್ದಿದ್ದವು. ಮದ್ದು ಇಲ್ಲದಾಗ ರೋಗವನ್ನು ತಡೆಯುವುದು ಹೇಗೆ ಎಂಬುದೇ ನಮ್ಮ ತಂಡದ ಸಂಶೋಧನೆ. ಇಲ್ಲಿಯ ಸೊಳ್ಳೆ ಮೊಟ್ಟೆಯಿಡುವುದು ಕೊಳಚೆಯಲ್ಲಲ್ಲ. ಬೇಸಿಗೆಯಲ್ಲಿ ತೆಳ್ಳಗೆ ಹರಿಯುವ ಹಳ್ಳದ ತಿಳಿನೀರಿನಲ್ಲಿ, ಅಂಚಿನ ಹುಲ್ಲಿನ ಬುಡದಲ್ಲಿ. ಆ ಹುಲ್ಲನ್ನು ಸವರಿ, ಸೊಳ್ಳೆಮರಿ ಕೊಲ್ಲುವ ಹಸಿರು ವಿಷದ ಪುಡಿಯನ್ನು ರಸ್ತೆಯ ಧೂಳಿಗೆ ಬೆರೆಸಿ ನೀರಿನ ಮೇಲೆ ತೂರಿದರೆ ಊರಿನಲ್ಲಿ ಜ್ವರ ಇಳಿಯುತ್ತದೆಯೇ ಎಂದು ನೋಡಬೇಕಿತ್ತು. ಕೆರೆಕಟ್ಟೆ ಎಂಬ ಊರಿನಲ್ಲಿ ಒಂದು ಬೇಸಿಗೆ ಕಳೆದು, ಮರುವರ್ಷ ಸೀತೂರಿಗೆ ಬಂದೆವು. ರಜೆಯಿದ್ದ ಶಾಲೆಯೇ ನಮ್ಮ ಬಿಡಾರ. ನಾನು, ನಮ್ಮ ಡಾಕ್ಟರು, ಒಬ್ಬ ಅಡುಗೆಯವನು.

ಹುಲ್ಲು ಸವರುವ ಹೆಂಗಸರ ಗುಂಪಿಗೆ ದೇವಮ್ಮ ಯಜಮಾನಿ. ನಲವತ್ತರ ಆಸುಪಾಸು, ಗಟ್ಟಿ ಮೈ, ಅದಕ್ಕಿಂತ ಗಟ್ಟಿ ಬಾಯಿ. ಹದಿನೈದು ದಿನಕ್ಕೊಮ್ಮೆ ನಾನು ಎಲ್ಲರ ಬೆರಳು ಚುಚ್ಚಿ ಒಂದು ಹನಿ ರಕ್ತ ತೆಗೆಯುತ್ತಿದ್ದೆ. ಉಳಿದವರು ಕಣ್ಣು ಮುಚ್ಚಿಕೊಂಡರೆ ಇವಳು ಕೈ ಚಾಚಿ, "ಎಂತ ಮಾರಾಯ್ರೇ, ಸೊಳ್ಳೆಗೂ ನನ್ನ ರಕ್ತವೇ ಆಗ್ಬೇಕು, ನಿಮಗೂ ಅದೇ ಆಗ್ಬೇಕು. ಸೊಳ್ಳೆ ಆದ್ರೆ ತನ್ನ ಸೂಜಿ ತಾನೇ ತರ್ತದೆ, ನಿಮಗೆ ಅದನ್ನೂ ಸರ್ಕಾರ ಕೊಡ್ಬೇಕು" ಎನ್ನುವಳು. ಅವಳ ಒಬ್ಬಳೇ ಮಗಳು ಕಮ್ಮರಡಿಯಲ್ಲಿ ತುಂಬು ಗರ್ಭಿಣಿ. ಅಳಿಯನ ಮನೆಯಲ್ಲಿ ಬೇರೆ ಹೆಂಗಸರಿಲ್ಲ. ಬಾಣಂತನಕ್ಕೆ ತಾನೇ ಹೋಗಬೇಕೆಂದು ದಿನ ಎಣಿಸುತ್ತಿದ್ದಳು.

ನಮ್ಮಲ್ಲಿದ್ದ ಮಲೇರಿಯಾ ಮಾತ್ರೆ ಬಹಳ ಕಡಿಮೆ. ರಕ್ತದಲ್ಲಿ ರೋಗಾಣು ಕಂಡವರಿಗೆ ಮಾತ್ರ ಕೊಡಬೇಕೆಂದು ಕಟ್ಟಪ್ಪಣೆ. ತಂಡದವರಿಗೆ ಜ್ವರ ಬಾರದಂತೆ ಪ್ರತಿ ವಾರ ಬೇರೆ ಪಾಲಿತ್ತು. ನನ್ನ ಪಾಲನ್ನು ಒಂದು ಹಳೆಯ ನಶ್ಯದ ಡಬ್ಬಿಯಲ್ಲಿ ಇಟ್ಟುಕೊಂಡು ಭಾನುವಾರ ನುಂಗುತ್ತಿದ್ದೆ.

ಒಂದು ಬೆಳಿಗ್ಗೆ ಹತ್ತೂವರೆಯ ಸಮಯ. ಕಿಟಕಿಯ ಬೆಳಕನ್ನು ಕನ್ನಡಿಯಿಂದ ಹಿಡಿದು ಸ್ಲೈಡುಗಳನ್ನು ನೋಡುತ್ತಿದ್ದೆ. ದೇವಮ್ಮನ ಸ್ಲೈಡು ಇಟ್ಟೆ. ಅದರ ತುಂಬ ರೋಗಾಣು. ಸಣ್ಣ ಸಣ್ಣ ಉಂಗುರಗಳು. ತಲೆಗೇರಿ ಕೊಲ್ಲುವ ಜಾತಿಯವು. ಒಂದೇ ಕಣದೊಳಗೆ ಮೂರು ಉಂಗುರ, ಅದರ ಪಕ್ಕ ಒಂದು ಬಿಳಿಯ ಕಣ, ಇವೆರಡರ ನಡುವೆ ಕುಡುಗೋಲಿನ ಹಾಗೆ ಬಾಗಿದ ಒಂದು ಹತ್ತಿಯ ಎಳೆ. ಬೆರಳು ಒರೆಸುವಾಗ ಅಂಥ ಎಳೆ ಅಂಟುವುದುಂಟು. ನಮ್ಮ ಕೆಲಸದಲ್ಲಿ ಎರಡೂ ಕಣ್ಣು ತೆರೆದಿಡುವುದು ರೂಢಿ. ಎಡಗಣ್ಣು ಕೊಳವೆಯಲ್ಲಿ, ಬಲಗಣ್ಣು ಕಾಗದದ ಮೇಲೆ. ಹಾಗೆಯೇ ಕಂಡದ್ದನ್ನು ಕಂಡಂತೆ ನನ್ನ ಪುಸ್ತಕದಲ್ಲಿ ಪೆನ್ಸಿಲಿನಿಂದ ಚಿತ್ರ ಬರೆದು, ಅಂಗಳದಲ್ಲಿದ್ದ ಡಾಕ್ಟರನ್ನು ಕರೆದೆ.

ಅವರು ಬಂದು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. "ಎಲ್ರೀ? ಏನೂ ಇಲ್ವಲ್ಲ" ಎಂದರು. ನಾನು ನೋಡಿದೆ. ಶುದ್ಧ ರಕ್ತ. ಒಂದು ಉಂಗುರವಿಲ್ಲ, ಹತ್ತಿಯ ಎಳೆಯೂ ಇಲ್ಲ. ಸ್ಲೈಡನ್ನು ಯಾರೂ ಮುಟ್ಟಿರಲಿಲ್ಲ. ಆ ಅಂಚಿನಿಂದ ಈ ಅಂಚಿನವರೆಗೆ ಮಧ್ಯಾಹ್ನದ ತನಕ ಹುಡುಕಿದೆ. ದೇವಮ್ಮನನ್ನು ಕರೆಸಿ ಮತ್ತೊಂದು ಹನಿ ತೆಗೆದೆ. ಅದೂ ಶುದ್ಧ. ನನ್ನ ಪುಸ್ತಕದ ಪ್ರತಿ ಹಾಳೆಗೂ ಅಂದಂದೇ ತಾರೀಕು ಹಾಕಿ ಸಹಿ ಮಾಡುವುದು ಡಾಕ್ಟರ ಪದ್ಧತಿ. ಆ ಚಿತ್ರದ ಕೆಳಗೆ ಕೆಂಪು ಪೆನ್ಸಿಲಿನಲ್ಲಿ "ಪರೀಕ್ಷಿಸಿದೆ, ಏನೂ ಕಂಡಿಲ್ಲ" ಎಂದು ಬರೆದು, "ಕಣ್ಣು ದಣಿದಿದೆ, ಹೋಗಿ ಸ್ವಲ್ಪ ಮಲಗ್ರಿ" ಎಂದರು. ಅಡುಗೆಯವನ ಮುಂದೆ ನಗಾಡಿದರು ಕೂಡ. ನನಗೆ ಅವಮಾನವಾಯಿತು.

ಮಲಗಲಾಗಲಿಲ್ಲ. ಸಂಜೆ ನಶ್ಯದ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು ಹಳ್ಳದ ಕಡೆ ಹೋದೆ. ದೇವಮ್ಮ ಮೊಣಕಾಲುದ್ದ ನೀರಿನಲ್ಲಿ ನಿಂತು ಕತ್ತಿ ತೊಳೆಯುತ್ತಿದ್ದಳು. ನನ್ನನ್ನು ಕಂಡು ಅಂದು ಅವಳು ಗೇಲಿ ಮಾಡಲಿಲ್ಲ. "ಎರಡೆರಡು ಸಲ ಚುಚ್ಚಿದ್ರಲ್ಲ, ಎಂತ ಕಂಡ್ರಿ ನನ್ನ ರಕ್ತದಲ್ಲಿ? ಇದ್ರೆ ಹೇಳಿ. ಮಗಳ ಹತ್ರ ನಾನು ಹೋಗ್ಲೇಬೇಕು" ಎಂದಳು. ನನ್ನ ಕೈ ಜೇಬಿನಲ್ಲಿತ್ತು. ಏನೆಂದು ಹೇಳಿ ಕೊಡಲಿ? ಡಾಕ್ಟರಿಗೆ ತಿಳಿದರೆ ಮತ್ತೆ ನಗುತ್ತಾರೆ.

"ಏನೂ ಇಲ್ಲ ದೇವಮ್ಮ" ಎಂದೆ.

ಹನ್ನೊಂದನೆಯ ದಿನ ಅವಳಿಗೆ ಜ್ವರ ಬಂತು. ಮಾರನೆಯ ದಿನ ಕಮ್ಮರಡಿಗೆ ಹೊರಡುವವಳು, ಗಂಟು ಕಟ್ಟಿಟ್ಟಿದ್ದಳು. ಸುದ್ದಿ ನಮ್ಮನ್ನು ಮುಟ್ಟುವಷ್ಟರಲ್ಲಿ ಪ್ರಜ್ಞೆ ತಪ್ಪಿತ್ತು. ಡಾಕ್ಟರು ಓಡಿಹೋಗಿ ಕ್ವಿನೈನ್ ಇಂಜೆಕ್ಷನ್ ಕೊಟ್ಟರು. ಬಹಳ ಕಷ್ಟಪಟ್ಟರು, ಅದನ್ನು ಹೇಳಲೇಬೇಕು. ನಾನು ರಕ್ತ ತೆಗೆದು ಬಿಡಾರಕ್ಕೆ ತಂದು, ಬಣ್ಣ ಹಾಕಿ, ಒಣಗಿಸಿ ನೋಡಿದೆ. ಒಂದೇ ಕಣದೊಳಗೆ ಮೂರು ಉಂಗುರ. ಪಕ್ಕದಲ್ಲಿ ಬಿಳಿಯ ಕಣ. ನಡುವೆ ಬಾಗಿದ ಹತ್ತಿಯ ಎಳೆ.

ಹೊತ್ತು ಮುಳುಗುವ ಮೊದಲೇ ದೇವಮ್ಮ ತೀರಿಕೊಂಡಳು. ಡಾಕ್ಟರು ಬಂದಾಗ ನಾನು ಪುಸ್ತಕ ತೆರೆದಿಟ್ಟೆ. ಅವರು ಕೊಳವೆಯಲ್ಲಿ ನೋಡಿದರು, ಚಿತ್ರ ನೋಡಿದರು, ಕೆಳಗಿದ್ದ ತಮ್ಮ ಸಹಿ ನೋಡಿದರು. ಆಮೇಲೆ ಆ ಹಾಳೆಯನ್ನು ಮೆಲ್ಲಗೆ ಹರಿದು ನನ್ನ ಕೈಗೆ ಕೊಟ್ಟು, "ಇದು ವರದಿಗೆ ಬೇಡ" ಎಂದರು. ಮುಂದೆ ನಾಲ್ಕು ವರ್ಷ ಜೊತೆಗೆ ಕೆಲಸ ಮಾಡಿದರೂ ಆ ಮಾತನ್ನು ನಾವು ಎತ್ತಲಿಲ್ಲ. ಸೀತೂರಿನಲ್ಲಿ ಜ್ವರವೇನೋ ಇಳಿಯಿತು. ಹುಲ್ಲು ಸವರಿದ್ದರ ಫಲ ಎಂದು ವರದಿಯಲ್ಲಿ ಬರೆದೆವು.

ಹಾಳೆ ಈಗಲೂ ನನ್ನಲ್ಲಿದೆ. ನಾನು ಸುಮ್ಮನೆ ಕೂತಿಲ್ಲ, ಯೋಚಿಸಿದ್ದೇನೆ. ಯುದ್ಧಕಾಲದಲ್ಲಿ ಗಾಜಿಗೂ ಅಭಾವ, ಹಳೆಯ ಸ್ಲೈಡನ್ನೇ ತೊಳೆದು ಬಳಸುತ್ತಿದ್ದೆವು. ಯಾರದೋ ಹಳೆಯ ರಕ್ತ ಉಳಿದಿತ್ತೇ? ಹಾಗಿದ್ದರೆ ಅದು ಹೋದದ್ದೆಲ್ಲಿಗೆ? ಸೊಳ್ಳೆ ಕಚ್ಚಿದ ಮೇಲೆ ಜ್ವರ ಬರಲು ಹತ್ತು ಹನ್ನೆರಡು ದಿನ ಬೇಕು. ಅಂದರೆ ನಾನು ಚಿತ್ರ ಬರೆಯುವಾಗ ಅವಳನ್ನು ಆ ಸೊಳ್ಳೆ ಕಚ್ಚಿತ್ತೋ ಇಲ್ಲವೋ. ಇಲ್ಲಿಗೆ ಬಂದರೆ ನನ್ನ ಬುದ್ಧಿ ನಿಂತುಬಿಡುತ್ತದೆ. ಓದುವವರಿಗೆ ಏನಾದರೂ ಹೊಳೆದರೆ ಹೊಳೆಯಲಿ, ನನಗೆ ಹೊಳೆದಿಲ್ಲ.

ಅಂದು ಹಳ್ಳದ ದಂಡೆಯಲ್ಲಿ ನನ್ನ ಜೇಬಿನ ಡಬ್ಬಿಯಲ್ಲಿ ಆರು ಮಾತ್ರೆಗಳಿದ್ದವು. ಅವುಗಳಿಂದ ಅವಳು ಉಳಿಯುತ್ತಿದ್ದಳೋ ಇಲ್ಲವೋ, ಖಚಿತವಾಗಿ ಹೇಳಲಾರೆ. ಭಾನುವಾರ ಬಂತು, ಎಂದಿನಂತೆ ನಾನೇ ನುಂಗಿದೆ.