ಹುಲ್ಲು ಕಾಯುವ ಅಯ್ಯನವರ ಪತ್ರೆ ಬುಟ್ಟಿ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮರಾಠಿ ಸೀಮೆಯ ಗಡಿಯೂರು ಗುಂಜೋಟಿಯ ಆಚೆಗಿನ ಸರಕಾರಿ ಮಾಳದ ಅಂಚಿನಲ್ಲಿ ಮಡಿವಾಳಯ್ಯನವರು ಒಣಹುಲ್ಲಿಗೆ ಬೆಂಕಿ ಹಚ್ಚುತ್ತಿದ್ದಾರೆ. ಕಾಡು ಕಾಯುವ ಮನುಷ್ಯನೇ ಕಾಡಿಗೆ ಬೆಂಕಿ ಇಡುವುದನ್ನು ಕಂಡ ಹೊಸಬರ ಎದೆ ಧಸಕ್ಕೆನ್ನಬೇಕು. ಅವರು ಮಾತ್ರ ಮನೆಯ ಒಲೆ ಹಚ್ಚುವವರಷ್ಟು ನಿರಾಳ. ಮಾಸಿದ ಖಾಕಿ ಅಂಗಿ, ಕೊರಳಲ್ಲಿ ಲಿಂಗದ ಕರಡಿಗೆ, ಹಣೆತುಂಬ ವಿಭೂತಿ, ಕೈಯಲ್ಲಿ ಬೇವಿನ ಹಸಿ ಟೊಂಗೆ. ಉರಿ ಎಲ್ಲೆ ಮೀರಿದರೆ ಆ ಟೊಂಗೆಯಿಂದ ಎರಡು ಏಟು, ಅಷ್ಟೇ.

"ಇಬ್ಬನಿ ಇರೂತನಾ ಸುಡಬೇಕ್ರಿ," ಎನ್ನುತ್ತಾರೆ, ಕಣ್ಣನ್ನು ಬೆಂಕಿಯಿಂದ ಕೀಳದೆ. "ಬಿಸಲು ಏರಿ ಗಾಳಿ ಬಿಡ್ತಂದ್ರ ಇದು ನನ್ನ ಮಾತು ಕೇಳಂಗಿಲ್ಲ. ನನ್ನ ಹೆಂಡ್ತಿ ಇದ್ದಂಗ."

ಇಲ್ಲಿಯವರು ಇದಕ್ಕೆ ಜಾಳರೇಷಾ ಎನ್ನುತ್ತಾರೆ. ಮಾಳದ ಸುತ್ತ ಎತ್ತಿನ ಬಂಡಿ ಹೋಗುವಷ್ಟು ಅಗಲಕ್ಕೆ ಹುಲ್ಲು ಕೊಯ್ದು, ಉಳಿದ ಕೂಳೆಯನ್ನು ಬೇಸಗೆಗೆ ಮುಂಚೆ ತಾವೇ ಸುಟ್ಟು, ಬೋಳು ಪಟ್ಟಿ ಮಾಡಿಡುವ ಕೆಲಸ. ಬೇಸಗೆಯಲ್ಲಿ ಯಾರೋ ಪುಣ್ಯಾತ್ಮರು ಬೀಡಿ ತುಂಡು ಒಗೆದರೂ, ಬೆಂಕಿ ಈ ಪಟ್ಟಿಯವರೆಗೆ ಬಂದು ತಿನ್ನಲು ಏನೂ ಸಿಗದೆ ಆರಿಹೋಗುತ್ತದೆ. ಅರಣ್ಯ ಇಲಾಖೆಯ ವನಮಜೂರರಾಗಿ, ಅಂದರೆ ಕಾಡಿನ ಕೂಲಿಯಾಗಿ, ಮಡಿವಾಳಯ್ಯನವರು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಈ ಪಟ್ಟಿ ಸುಡುತ್ತ ಬಂದಿದ್ದಾರೆ. ಹುಬ್ಬಿನ ಕೂದಲು ಎಷ್ಟು ಸಲ ಸುಟ್ಟಿದೆಯೋ ಲೆಕ್ಕವಿಲ್ಲ.

ಕಾಡೆಂದರೆ ದಟ್ಟ ಮರ, ಹಸಿರು ಕತ್ತಲೆ ಎಂದುಕೊಂಡು ಬಂದವರು ಉಮರ್ಗಾ ಕಡೆ ಪೆಚ್ಚಾಗುತ್ತಾರೆ. ಇಲ್ಲಿರುವುದು ಮೊಣಕಾಲೆತ್ತರದ ಕರಡದ ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ, ಹಳ್ಳದ ದಂಡೆಗೆ ನಾಲ್ಕಾರು ಮುದಿ ಬಿಲ್ವದ ಮರ. ಇಷ್ಟನ್ನೇ ಇಲಾಖೆ ನಾಲ್ಕು ಭಾಗ ಮಾಡಿ ನಡೆಸುತ್ತದೆ. ಮೂರು ಭಾಗಗಳಲ್ಲಿ ಹುಲ್ಲಿನ ಬೀಜ ಉದುರಿದ ಮೇಲೆ ಊರವರು ಕುಡುಗೋಲು ತಂದು ಕೊಯ್ದು ಹೊತ್ತೊಯ್ಯಬಹುದು. ದನ ಬಿಡುವಂತಿಲ್ಲ, ಕೊಡಲಿ ತರುವಂತಿಲ್ಲ. ನಾಲ್ಕನೆಯದನ್ನು ಆ ವರ್ಷ ಯಾರೂ ಮುಟ್ಟುವಂತಿಲ್ಲ. ಮರುವರ್ಷ ಬಿಡುವು ಇನ್ನೊಂದು ಭಾಗಕ್ಕೆ.

ಈ ಯೋಜನೆಯನ್ನು ಅಯ್ಯನವರು ಊರವರಿಗೆ ತಿಳಿಸಿದ್ದು ತಮ್ಮದೇ ಧಾಟಿಯಲ್ಲಿ. "ಸೋಮವಾರ ನಾವು ಎತ್ತಿನ ಹೆಗಲಿಗಿ ನೊಗ ಇಡತೀವೇನ್ರೀ? ಇಲ್ಲಲಾ. ಹಂಗೇ ಇದು. ಮಾಳಕ್ಕೂ ಒಂದು ಸೋಮವಾರ ಬೇಕು." ಆಮೇಲೆ ಯಾರೂ ತಕರಾರು ಎತ್ತಲಿಲ್ಲವಂತೆ.

ಅಯ್ಯನವರ ಮನೆತನದ ಕಸುಬು ಬೇರೆಯೇ. ಅವರದು ಜಂಗಮರ ಮನೆ; ಶಿಷ್ಯರ ಮನೆಗಳಲ್ಲಿ ಪೂಜೆ, ಲಗ್ನ, ಲಿಂಗಧಾರಣೆ ನಡೆಸಿಕೊಡುವವರು. ಊರು ಅವರನ್ನು ಗುರುತಿಸುತ್ತಿದ್ದದ್ದು ಮಾತ್ರ "ಪತ್ರೆ ಅಯ್ಯನವರ ಮನೆ" ಎಂದು. ಶಿವರಾತ್ರಿಯ ಬೆಳಗ್ಗೆ ಬಿದಿರಿನ ಬುಟ್ಟಿಯಲ್ಲಿ ಬಿಲ್ವಪತ್ರೆ ಹೊತ್ತು ಮನೆಮನೆಗೆ ಹಂಚುವುದು ಅವರ ಹಕ್ಕು, ಹೆಮ್ಮೆ ಎರಡೂ. ತಂದೆ ಇದೇ ಬುಟ್ಟಿ ಹಿಡಿದು, ಎಸ್‌ಟಿ ಬಸ್ಸಿನಲ್ಲಿ ನಿಲಂಗಾ, ಶಿರೂರ ಅನಂತಪಾಳದ ಶಿಷ್ಯರವರೆಗೂ ಹೋಗಿಬರುತ್ತಿದ್ದರು. ಪತ್ರೆ ಬರುತ್ತಿದ್ದದ್ದು ಹಳ್ಳದ ದಂಡೆಯ ಆ ಮುದಿ ಮರಗಳಿಂದಲೇ.

ಕಾಲ ಕಳೆದಂತೆ ಮನೆಗಳು ಹೆಚ್ಚಿದವು, ಬುಟ್ಟಿ ಒಂದೇ ಉಳಿಯಿತು. ಪತ್ರೆ ಸಾಲದವರು ತಾವೇ ಮಾಳಕ್ಕೆ ಬಂದರು. ಅವಸರದಲ್ಲಿ ಎಲೆ ಯಾರು ಬಿಡಿಸುತ್ತಾರೆ? ಟೊಂಗೆಯನ್ನೇ ಲಟಕ್ಕನೆ ಮುರಿದು ಮೋಟರ್‌ಸೈಕಲ್ಲಿಗೆ ಕಟ್ಟಿಕೊಂಡು ಹೋದರು. ಮರಗಳು ವರ್ಷ ವರ್ಷ ಬೋಳಾದವು, ಕಾಯಿ ಬಿಡುವುದನ್ನೇ ಮರೆತವು. ಅದನ್ನು ಕಂಡ ಅಯ್ಯನವರು ಆಗಲೇ ಒಂದು ಪುಣ್ಯದ ಕೆಲಸಕ್ಕೆ ಕೈಹಾಕಿದರು. ಅದೇ ದೊಡ್ಡ ತಪ್ಪಾಯಿತು.

ಮರಕ್ಕೆ ಉಳಿದಿದ್ದ ಕೊನೆಯ ಕಾಯಿಗಳನ್ನು ಒಡೆದು, ಬೀಜ ತೊಳೆದು, ಬಯಲು ಮಾಳದ ತುಂಬ ಊರಿದರು. ಯಾರನ್ನೂ ಕೇಳಲಿಲ್ಲ. ಶಿವನ ಗಿಡ ನೆಡಲು ಕೇಳುವುದೇನು? ಮಳೆ ಬಂದಾಗೆಲ್ಲ ಊರಿದರು, ಬಿಸಿಲಿಗೆ ಕೊಡ ಹೊತ್ತು ನೀರು ಹಾಕಿದರು. ಮೂರು ವರ್ಷದಲ್ಲಿ ಮಾಳದ ಮೇಲೆ ಇನ್ನೂರರ ಆಸುಪಾಸು ಬಿಲ್ವದ ಸಸಿ ಸೊಂಟದೆತ್ತರಕ್ಕೆ ನಿಂತವು. ಅವುಗಳ ನಡುವೆ ಅಡ್ಡಾಡುವಾಗ ಮಠವನ್ನೇ ಕಟ್ಟಿಸಿದವನ ಹಾಗೆ ಬೀಗುತ್ತಿದ್ದೆ ಎಂದು ಈಗ ನಗುತ್ತಾರೆ.

ಐದು ಮಳೆಗಾಲದ ಹಿಂದೆ ಉಜ್ವಲಾ ಇಲ್ಲಿಗೆ ವನರಕ್ಷಕಿಯಾಗಿ ಬಂದರು. ಉದಗೀರದ ಹುಡುಗಿ, ಮನೆಮಾತು ಮರಾಠಿ, ತಾಯಿಯ ಕಡೆಯಿಂದ ಕನ್ನಡ. ಸಸಿಗಳನ್ನು ಸುತ್ತಿ ನೋಡಿ, "ಕಾಕಾ, ಫಾರ್ ಛಾನ್, ಭಾಳ ಚಂದ ಬೆಳೆಸೀರಿ," ಎಂದರು. ಅಯ್ಯನವರು ಉಬ್ಬಿದರು. "ಆದ್ರ ಇವು ಇಲ್ಲಿಂದ ತೆಗೀಬೇಕಾಗ್ತದ," ಎಂದು ಉಜ್ವಲಾ ಮಾತು ಮುಗಿಸಿದರು.

"ಸಸಿಗೋಳ ಮುಂದ ಅಡ್ಡ ನಿಂತ್ನಿರಿ," ಎನ್ನುತ್ತಾರೆ ಅಯ್ಯನವರು. "ಮ್ಯಾಡಂ, ನಾ ಜಂಗಮರ ಮನ್ಯಾಗ ಹುಟ್ಟಿದಾಂವ. ಬೇಕಾದ್ರ ನನ್ನ ಕೈ ಕಡೀರಿ, ಪತ್ರಿ ಗಿಡಾ ಮಾತ್ರ ಕೀಳಂಗಿಲ್ಲ ಅಂದೆ."

ಉಜ್ವಲಾ ಹುಕುಂ ಹೊರಡಿಸಲಿಲ್ಲ. ಅದೇ ಆಕೆಯ ದೊಡ್ಡತನ. "ನಾಳೆ ನಸುಕಿನ್ಯಾಗ ನನ್ನ ಜೋಡಿ ಕುಂದ್ರಿ, ಆಮ್ಯಾಗ ಮಾತಾಡೋಣು," ಎಂದರು. ಒಂದಷ್ಟು ಬೆಳಗು ಇಬ್ಬರೂ ಕಲ್ಲಿನ ಮರೆಯಲ್ಲಿ ಕುಳಿತರು. ಚಿಗರಿಗಳ, ಅಂದರೆ ಕೃಷ್ಣಮೃಗಗಳ, ಹಿಂಡು ಹುಲ್ಲು ಮೇಯುತ್ತ ಬರುತ್ತಿತ್ತು. ಸಸಿಗಳ ಸಾಲು ಶುರುವಾಗುವಲ್ಲಿ ಮುಂದಿನದು ತಲೆ ಎತ್ತಿ ನಿಲ್ಲುತ್ತಿತ್ತು, ಮೂಗರಳಿಸುತ್ತಿತ್ತು, ಹಿಂದಿರುಗುತ್ತಿತ್ತು. ದಿನಾ ಅಷ್ಟೇ. ಚಿಗರಿಗೆ ದೂರದ ತನಕ ಕಾಣುವ ಬಯಲು ಬೇಕು, ಪೊದೆಯಿದ್ದಲ್ಲಿ ತೋಳ ಅಡಗಿರಬಹುದೆಂಬ ಭಯ ಅದಕ್ಕೆ. ಅದಕ್ಕೇ ಇಲಾಖೆಯ ಯೋಜನೆ ಈ ಮಾಳವನ್ನು ಹುಲ್ಲಿಗೆಂದೇ ಬಿಟ್ಟಿತ್ತು. ಎಲ್ಲಿ ಮರ ಬೇಕು, ಎಲ್ಲಿ ಬೇಡ ಎಂಬುದೂ ಕಾಡು ನೋಡಿಕೊಳ್ಳುವ ಕೆಲಸವೇ ಎಂದು ಉಜ್ವಲಾ ಮೆಲ್ಲಗೆ ಹೇಳಿದರು.

"ಒಂದು ಗಬ್ಬದ ಚಿಗರಿ ನೋಡಿದ್ನಿರಿ. ಹಸದಿತ್ತು. ನನ್ನ ಗಿಡದ ಮುಂದ ನಿಂತು ಮಾರಿ ತಿರುವಿ ಹೋತು," ಎನ್ನುವಾಗ ಅಯ್ಯನವರ ದನಿ ಈಗಲೂ ಇಳಿಯುತ್ತದೆ. "ನಾ ಬಯಲು ಖಾಲಿ ಬಿದ್ದದ ಅಂತ ತಿಳಕೊಂಡಿದ್ದೆ. ಖಾಲಿ ಇದ್ದಿಲ್ಲರಿ ಅದು. ಅದರ ಮನಿ ಇತ್ತು."

ಅವತ್ತು ಸಂಜೆ ಅವರೇ ಉಜ್ವಲಾಗೆ ಹೇಳಿದರು: ಕಿತ್ತು ಒಗೆಯುವುದಿಲ್ಲ, ಮಣ್ಣು ಸಮೇತ ಎಬ್ಬಿಸಿ ಶಿಷ್ಯರ ಮನೆಗಳಿಗೆ ಕೊಡುತ್ತೇನೆ, ಮನೆಮನೆಗೆ ಗಿಡವಾದರೆ ಹಳ್ಳದ ಮರಕ್ಕೂ ಉಸಿರು ಬರುತ್ತದೆ. ಉಜ್ವಲಾ ಓಡಾಡಿ ಮೇಲಿನವರ ಪರವಾನಗಿ ತಂದರು. ಮೊದಲು ಎಬ್ಬಿಸಿದ ಸಸಿಗಳೆಲ್ಲ ಬಾಡಿದವು, ಬಿಲ್ವದ ತಾಯಿಬೇರು ಅಷ್ಟು ಆಳ. ಆಮೇಲೆ ಒಂದು ಮಗ್ಗುಲ ಬೇರು ಕಡಿದು, ಸಸಿ ಚೇತರಿಸಿಕೊಂಡ ಮೇಲೆ ಇನ್ನೊಂದು ಮಗ್ಗುಲು ಕಡಿದು, ಗೋಣಿತಟ್ಟಿನಲ್ಲಿ ಮಣ್ಣಿನ ಹೆಂಟೆ ಕಟ್ಟಿ ಎತ್ತುವುದನ್ನು ಇಬ್ಬರೂ ಕೂಡಿ ಕಲಿತರು. ಅಯ್ಯನವರು ಪ್ರತಿ ಸಸಿಗೂ ವಿಭೂತಿ ಹಚ್ಚಿ, ಕೈಮುಗಿದೇ ಗುದ್ದಲಿ ಎತ್ತುತ್ತಿದ್ದರಂತೆ. ಕೊನೆಯ ಸಸಿ ಎದ್ದ ದಿನ ಒಂದು ಶಪಥವನ್ನೂ ಮಾಡಿದರು: ಇನ್ನು ಸರಕಾರಿ ಮರದ ಒಂದೆಲೆಯನ್ನೂ ತಾವು ಮುಟ್ಟುವುದಿಲ್ಲ. ಪತ್ರೆಯ ಬುಟ್ಟಿ ಗೂಟಕ್ಕೇರಿತು.

ಗಿಡ ಎಬ್ಬಿಸುವುದಕ್ಕಿಂತ ಕಷ್ಟವಾದದ್ದು ಅದನ್ನು ಜನರಿಗೆ ಒಪ್ಪಿಸುವುದು. ಮುಳ್ಳಿನ ಗಿಡ, ಮನೆ ಮುಂದೆ ಯಾರಿಗೆ ಬೇಕು? ಊರಿನ ಹಳೆಯ ಒಕ್ಕಲು ಮಾಣಿಕಪ್ಪ ಅಡ್ಡಡ್ಡ ತಲೆಯಾಡಿಸಿದರು. "ಅಯ್ನೋರ, ನೀವು ಏನು ಕೇಳ್ರಿ, ಕೊಡತೀನಿ. ಈ ಮುಳ್ಳು ಮಾತ್ರ ನಮ್ಮ ಹೊಲದಾಗ ಬ್ಯಾಡ. ಅದರ ನೆರಳಿಗಿ ತೊಗರಿ ಬರಂಗಿಲ್ಲ."

ಅಯ್ಯನವರು ವಾದ ಮಾಡಲಿಲ್ಲ. ಅಂದು ಅದೇ ಮನೆಯಲ್ಲಿ ಅವರಿಗೆ ಪಾದಪೂಜೆ, ಊಟ. ಹೂರಣದ ಹೋಳಿಗೆ ಬಡಿಸಿ, ಮೇಲೆ ತುಪ್ಪ ಸುರಿದಾಗಿತ್ತು. ಅವರು ಎರಡೂ ಕೈ ತೊಡೆಯ ಮೇಲಿಟ್ಟು ಕುಳಿತುಬಿಟ್ಟರು. ತುತ್ತೆತ್ತಲಿಲ್ಲ. ಮನೆಗೆ ಬಂದ ಜಂಗಮ ಹಸಿದು ಏಳುವುದುಂಟೆ? ಮಾಣಿಕಪ್ಪನ ಹೆಂಡತಿ ಲಲಿತಾಬಾಯಿ ಗಂಡನ ಮೇಲೆ ಹರಿಹಾಯ್ದರು. "ಅಯ್ನೋರ ಉಪಾಸ ಎದ್ದು ಹೋದ್ರ ನಿಮ್ಮ ತೊಗರಿ ತಗೊಂಡು ಏನು ಮಾಡತೀರಿ? ಹಚ್ರಿ ಆ ಗಿಡಾ, ಬಾವಿ ಬಾಜೂಕ ಹಚ್ರಿ!" ಹೋಳಿಗೆ ಆರುವುದರೊಳಗೆ ಮಾಣಿಕಪ್ಪ ಸೋತರು. ಅಯ್ಯನವರು ಆ ಮಳೆಗಾಲ ಎಷ್ಟು ಮನೆಗಳಲ್ಲಿ ಹೀಗೆ ಹೋಳಿಗೆ ಆರಿಸಿದರೋ! "ಆರಿದ ಹೋಳಿಗಿ ತಿಂದು ತಿಂದು ಹೊಟ್ಟಿ ಕೆಟ್ಟಿತ್ತರಿ ಇವರ್ದು," ಎಂದು ಅವರ ಹೆಂಡತಿ ಇಂದುಬಾಯಿ ಮುಗುಳ್ನಗುತ್ತಾರೆ. ಆಕೆಯದೂ ಒಂದು ದೂರಿದೆ. "ಊರಿಗೆಲ್ಲ ಹಂಚಿದ್ರು. ಕಡೀಕ ನಮ್ಮ ಮನಿಗೇ ಒಂದೂ ಉಳೀಲಿಲ್ಲ."

ಗಿಡ ತಲೆಯೆತ್ತರ ಆಗುವವರೆಗೆ ಎಲೆ ಮುಟ್ಟಬಾರದೆಂದು ಶಿಷ್ಯರಿಗೆ ಕಟ್ಟಪ್ಪಣೆಯಾಗಿತ್ತು. ಹಾಗಾಗಿ ಇಷ್ಟು ವರ್ಷ ಶಿವರಾತ್ರಿಗೆ ಜನ ಹಳ್ಳಕ್ಕೇ ಬಂದರು. ಅಯ್ಯನವರು ಮರದ ಬುಡದಲ್ಲಿ ಕುಳಿತು, ಒಬ್ಬೊಬ್ಬರಿಗೆ ಒಂದೊಂದು ಹಿಡಿ ಮಾತ್ರ ಬಿಡಿಸಿಕೊಳ್ಳಲು ಬಿಟ್ಟರು. ಬೆನ್ನು ತಿರುಗಿಸಿದರೆ ಟೊಂಗೆ ಮುರಿಯುವವರು ಆಗಲೂ ಇದ್ದರು. ಈ ವರ್ಷ ಗಿಡಗಳೆಲ್ಲ ತಲೆ ಮೀರಿವೆ, ಅಪ್ಪಣೆ ಸಿಕ್ಕಿದೆ. ಈ ಶಿವರಾತ್ರಿಗೂ ಟೊಂಗೆ ಮುರಿದರೆ ಹಳ್ಳಕ್ಕೆ ತಂತಿಬೇಲಿ ಹಾಕಿ ಎಲ್ಲರನ್ನೂ ಹೊರಗಿಡಬೇಕಾಗುತ್ತದೆ ಎಂದು ಉಜ್ವಲಾ ಹೇಳಿಯೂ ಇದ್ದಾರೆ. ಹಾಗಾದರೆ ನಾಲ್ಕು ವರ್ಷದ ದುಡಿತ ನೀರುಪಾಲು. ಅಯ್ಯನವರಿಗೆ ವಾರದಿಂದ ಊಟ ರುಚಿಸಿಲ್ಲ.

ಶಿವರಾತ್ರಿಯ ಬೆಳಗು. ಅಯ್ಯನವರು ನಸುಕಿಗೇ ಹಳ್ಳದ ದಂಡೆಗೆ ಬಂದಿದ್ದಾರೆ. ಅವರ ಕೈಯಲ್ಲಿ ಆ ಹಳೆಯ ಬುಟ್ಟಿ. ಗೂಟದ ಮೇಲೆ ಖಾಲಿ ಬುಟ್ಟಿ ನೋಡಿ ಸಾಕಾಗಿದೆ ಎಂದು ಇಂದುಬಾಯಿ ಬಲವಂತದಿಂದ ಕೊಟ್ಟು ಕಳಿಸಿದ್ದಾರೆ. ಹೊತ್ತು ಏರುತ್ತದೆ. ದೂರದ ಊರಿನ ಒಂದಿಬ್ಬರು ಬಂದು, ಕೈಯಿಂದಲೇ ನಾಲ್ಕು ದಳ ಬಿಡಿಸಿಕೊಂಡು ಕೈಮುಗಿದು ಹೋಗುತ್ತಾರೆ. ಮತ್ತೆ ಯಾರೂ ಇಲ್ಲ. ಮಾಳದ ನಡುಮಧ್ಯೆ ಚಿಗರಿಗಳು ತಲೆ ಬಗ್ಗಿಸಿ ಮೇಯುತ್ತಿವೆ.

"ಕಾಕಾ, ಝಾಲಂ, ಮುಗೀತು. ಇನ್ನ ಬರಂಗಿಲ್ಲ ಯಾರೂ," ಎನ್ನುತ್ತಾರೆ ಉಜ್ವಲಾ. "ಶಿಷ್ಯರು ದಾರಿ ನೋಡಲಾಕತ್ತಿರಬೇಕು. ಹೋಗ್ರಿ."

ಮೊದಲ ಪೂಜೆ ಮಾಣಿಕಪ್ಪನ ಮನೆಯದು. ಬಾವಿಯ ಪಕ್ಕ ಬಿಲ್ವ ಎದ್ದು ನಿಂತಿದೆ. ಲಲಿತಾಬಾಯಿ ಟೊಂಗೆ ಬಗ್ಗಿಸದೆ, ನಿಮಿರಿ ನಿಂತು ಒಂದೊಂದೇ ದಳ ಬಿಡಿಸಿ ಲಿಂಗಕ್ಕೆ ಬೇಕಾದಷ್ಟು ತಂದಿಡುತ್ತಾರೆ. ಪೂಜೆ ಮುಗಿದ ಮೇಲೆ ಮತ್ತೆ ಹೋಗಿ ಉಡಿತುಂಬ ಪತ್ರೆ ತಂದು, ಅಯ್ಯನವರ ಖಾಲಿ ಬುಟ್ಟಿಗೆ ಸುರಿಯುತ್ತಾರೆ. "ಇಷ್ಟು ವರ್ಷ ನೀವು ನಮಗ ಕೊಟ್ರಿ. ನಿಮ್ಮ ಮನ್ಯಾಗಿನ ಲಿಂಗಕ್ಕ ಪತ್ರಿ ಬ್ಯಾಡೇನ್ರೀ?"

ನಾಲ್ಕು ಶಿವರಾತ್ರಿ ಪತ್ರೆಯಿಲ್ಲದೆ ಬರೀ ಕಣಗಿಲೆ ಹೂವಿಟ್ಟು ತಮ್ಮ ಪೂಜೆ ಮುಗಿಸಿದ್ದ ಅಯ್ಯನವರು ಬುಟ್ಟಿ ನೋಡುತ್ತ ನಿಲ್ಲುತ್ತಾರೆ. ಕಣ್ಣು ತುಂಬಿದೆ. ಮಾಣಿಕಪ್ಪ ಗಿಡದ ಬುಡ ತೋರಿಸುತ್ತಾರೆ. ಬೇರಿನಿಂದ ಒಂದು ಮರಿ ಎದ್ದಿದೆ. "ಮಳಿ ಬಿದ್ದ ಮ್ಯಾಲ ಇದನ್ನ ನಿಮ್ಮ ಅಂಗಳಕ್ಕ ಒಯ್ರಿ ಅಯ್ನೋರ. ಒಲ್ಲೆ ಅಂದ್ರ ಇವತ್ತ ನಾನೂ ಊಟ ಬಿಡತೀನಿ."

"ಶಿವರಾತ್ರಿ ದಿವಸ ಹೆಂಗೂ ಉಪಾಸನೇ ಅದಲೋ ಮಾಣಿಕಪ್ಪಾ!" ಅಯ್ಯನವರಿಗೆ ಅಳುವಿನ ನಡುವೆಯೇ ನಗು ಬರುತ್ತದೆ. ಬುಟ್ಟಿಯನ್ನು ತಲೆಗೇರಿಸಿಕೊಂಡು ಎರಡು ಹೆಜ್ಜೆ ಹೋದವರು ತಿರುಗಿ ನಿಂತು, ಇನ್ನೊಮ್ಮೆ ಮರಿಯ ಕಡೆ ನೋಡುತ್ತಾರೆ.

"ಆಯ್ತು, ಒಯ್ತೀನಿ. ಪತ್ರಿ ಕೊಡೂ ಮನಿ ಅಂತ ನಮಗ ಭಾಳ ಸೊಕ್ಕಿತ್ತು. ಈಗ ಊರೇ ಕೊಡೂ ಮನಿ ಆಗ್ಯದ. ನಾ ಬೇಡೂ ಜಂಗಮ ಆದ್ರ ಸಾಕು."