ಅಪ್ಪನ ಬನ ಹುಡುಕಿ ಬಾರ್ಕೂರಿಗೆ

ದೀಪಾವಳಿ ಕಳೆದು ವಾರವಾಗಿತ್ತು. ಬೆಳಿಗ್ಗೆ ಏಳೂಕಾಲಿಗೆ ಕುಂದಾಪುರದಲ್ಲಿ ಉಡುಪಿ ಬಸ್ಸು ಹತ್ತಿ ಬ್ರಹ್ಮಾವರಕ್ಕೆ ಟಿಕೆಟ್ ಪಡೆದೆ. ಹೆಗಲ ಚೀಲದಲ್ಲಿ ಒಂದು ಜೊತೆ ಬಟ್ಟೆ, ಛತ್ರಿ, ನೀರಿನ ಬಾಟಲಿ ಇದ್ದವು. ನನ್ನ ಜೊತೆ ಯಾರೂ ಇರಲಿಲ್ಲ.

ಹೊರಟದ್ದು ಅಪ್ಪನ ಮಾತಿಗೆ. ಅವರಿಗೆ ಪಾರ್ಶ್ವವಾಯು ಹೊಡೆದು ಎಡಭಾಗ ಬಿದ್ದುಹೋಗಿ ಐದು ತಿಂಗಳಾಗಿತ್ತು. ಡಾಕ್ಟರು ಇನ್ನೊಮ್ಮೆ ಹೊಡೆದರೆ ಕಷ್ಟ ಎಂದಿದ್ದರು. ಅಂದಿನಿಂದ ಅಪ್ಪನದು ಒಂದೇ ವರಾತ: "ನಾ ಹ್ವಾಪುದ್ರೊಳ್ಗೆ ಮೂಲದಲ್ಲಿ ಒಂದ್ ತನು ಆಯ್ಕ್." ತನು ಎಂದರೆ ನಾಗನಿಗೆ ಹಾಲು, ಸೀಯಾಳ ಎರೆಯುವುದು. ಮೂಲ ಎಂದರೆ ನಮ್ಮ ಬಳಿಯ, ಅಂದರೆ ಕುಲದ, ಮೊದಲ ನಾಗಬನ. ಅದು ಬಾರ್ಕೂರಿನಲ್ಲಿದೆ ಎಂದು ಅಪ್ಪನಿಗೆ ನೆನಪು. ಸಣ್ಣವರಿದ್ದಾಗ ತಾಯಿಯ ಜೊತೆ ಹಂಗಾರಕಟ್ಟೆಯಿಂದ ದೋಣಿಯಲ್ಲಿ ಹೋಗಿದ್ದರಂತೆ. ಕೋಟೆಯ ಹತ್ತಿರ, ಕೆರೆಯ ಬದಿ, ದೊಡ್ಡದೊಂದು ಸುರಗಿ ಮರ. ಗುರುತು ಅಷ್ಟೇ.

ನಾನು ಮುಂಬೈಯಲ್ಲಿ ಹುಟ್ಟಿ ಬೆಳೆದವನು. ಊರಿಗೆ ಬಂದು ಮೀನಿನ ಲಾರಿಗಳ ಬುಕಿಂಗ್ ನೋಡಿಕೊಂಡು ಎಂಟು ವರ್ಷವಾಗಿತ್ತು. ಬಳಿ, ಬನ ಎಲ್ಲ ನನಗೆ ಕೇಳಿ ಗೊತ್ತೇ ಹೊರತು ಮಾಡಿ ಗೊತ್ತಿರಲಿಲ್ಲ. ನಾಗನ ಕೆಲಸಕ್ಕೆ ಹೊರಟವನು ಮೀನು ಮುಟ್ಟಬಾರದು ಎಂಬುದೊಂದು ಗೊತ್ತಿತ್ತು. ಮೀನುಗಾರರ ಮನೆಯವನಿಗೆ ಇದಕ್ಕಿಂತ ದೊಡ್ಡ ತಪಸ್ಸು ಬೇರೆ ಇಲ್ಲ.

ಬ್ರಹ್ಮಾವರದಲ್ಲಿ ಬನ್ಸ್ ತಿಂದು, ಚಾ ಕುಡಿದು, ಲಾಡ್ಜಿನಲ್ಲಿ ಕೋಣೆ ಹಿಡಿದೆ. ಬಾರ್ಕೂರಿಗೆ ಅಲ್ಲಿಂದ ನಾಲ್ಕೈದು ಕಿಲೋಮೀಟರ್. ಸೀತಾನದಿಯ ಸೇತುವೆ ದಾಟುವಾಗ ನೀರು ಇನ್ನೂ ಕೆಂಪಗಿತ್ತು. ಗದ್ದೆಗಳಲ್ಲಿ ಕೊಯ್ಲು ಅರ್ಧ ಮುಗಿದಿತ್ತು. ಬಸ್ಸಿಳಿದಾಗ ಕಂಡದ್ದು ನಾಲ್ಕು ಅಂಗಡಿ, ಒಂದು ರಿಕ್ಷಾ ನಿಲ್ದಾಣ. ರಾಜಧಾನಿಯಾಗಿದ್ದ ಊರು ಇದೇ ಹೌದೇ ಎಂದು ಅನುಮಾನವಾಯಿತು.

ಊರು ತನ್ನನ್ನು ತೋರಿಸಿಕೊಳ್ಳುವುದು ನಡೆದವನಿಗೆ ಮಾತ್ರ. ಮೂಡುಕೇರಿ, ಕೋಟೆಕೇರಿ, ಮಣಿಗಾರಕೇರಿ, ಚೌಳಿಕೇರಿ ಎಂದು ಕೇರಿಗಳು ಒಂದಕ್ಕೊಂದು ಅಂಟಿಕೊಂಡಿವೆ. ಹಿಂದೆ ದಿನಕ್ಕೊಂದರಂತೆ ವರ್ಷಕ್ಕೆ ಸಾಕಾಗುವಷ್ಟು ದೇವಸ್ಥಾನಗಳಿದ್ದವಂತೆ. ಈಗಲೂ ಎಲ್ಲಿ ತಿರುಗಿದರೂ ಒಂದು ಕಲ್ಲಿನ ಗುಡಿ, ಮುಂದೆ ತಗ್ಗಾದ ಇಳಿಜಾರು ಮಾಡು, ಒಳಗೆ ತಂಪು ಕತ್ತಲು. ಕತ್ತಲೆ ಬಸದಿಯಲ್ಲಿ ವಿಗ್ರಹಗಳಿಲ್ಲ. ನೆಲ ಮಾತ್ರ ಸಾವಿರಾರು ಕಾಲು ಸವೆಸಿದ ನಯದ್ದು. ಅಲ್ಲಿ ಚಪ್ಪಲಿ ಬಿಟ್ಟು ಅರ್ಧ ಗಂಟೆ ಸುಮ್ಮನೆ ಕುಳಿತೆ. ನನ್ನ ಹಿರಿಯರೂ ಇಲ್ಲೇ ಎಲ್ಲೋ ಬಲೆ ಹೊತ್ತು ನಡೆದಿರಬೇಕು ಅನಿಸಿ ಖುಷಿಯಾಯಿತು. ಖುಷಿಯ ಜೊತೆ ಸ್ವಲ್ಪ ಜಂಬವೂ ಇತ್ತು.

ಮಧ್ಯಾಹ್ನ ಸಸ್ಯಾಹಾರಿ ಹೋಟೆಲಿನಲ್ಲಿ ಊಟ. ಸೌತೆಕಾಯಿ ಹುಳಿ ಚೆನ್ನಾಗಿತ್ತು. ಆದರೆ ಪಕ್ಕದ ಮನೆಯಲ್ಲಿ ಯಾರೋ ಬಂಗುಡೆ ಮೀನು ಕಾಯಿಸುತ್ತಿದ್ದರು. ಆ ವಾಸನೆಯಲ್ಲಿ ಹುಳಿ ಕಲಸಿ ಉಂಡೆ.

ಊಟದ ಮೇಲೆ ಕೋಟೆಯ ಕಡೆ ಹೋದೆ. ಮುರಕಲ್ಲಿನ ಗೋಡೆಯ ತುಂಡು, ಮುಚ್ಚಿದ ಕಂದಕ, ಮೊಣಕಾಲೆತ್ತರ ಹುಲ್ಲು. ಸುತ್ತ ಬನಗಳಿಗೇನೂ ಬರವಿರಲಿಲ್ಲ. ಸಂಜೆಯವರೆಗೆ ಆರು ಬನ ನೋಡಿದೆ. ಒಂದರಲ್ಲೂ ಸುರಗಿ ಇರಲಿಲ್ಲ. ನಾಲ್ಕೂವರೆಗೆ ಗುಡುಗು ಸಹಿತ ಮಳೆ ಹೊಡೆಯಿತು. ಅಂಗಡಿಯೊಂದರ ಜಗಲಿಯಲ್ಲಿ ನಿಂತೆ. ಅಡಿಕೆ ಕತ್ತರಿಸುತ್ತಿದ್ದ ಹೆಂಗಸು ಕೇಳಿದರು, "ಹ್ವಾಯ್, ಬೆಳಿಗ್ಗಿಂದ ತಿರ್ಗುದ್ ಕಾಣ್ತೆ. ಎಂತ ಹುಡ್ಕುದ್ ನೀವ್?"

ಹೇಳಿದೆ.

"ಸುರಗಿ ಮರ ಕಡ್ದ್ ಯಾವ ಕಾಲ ಆಯ್ತ್. ಬುಡ ಇತ್ತ್. ನಾಳೆ ಬೆಳಿಗ್ಗೆ ಬನ್ನಿ, ಕೆರೆ ಆಚೆ ಭಟ್ರ್ ಮನೇಲಿ ಕೇಣಿ."

ಮರುದಿನ ಎಂಟಕ್ಕೆ ಹಾಲು, ಎರಡು ಸೀಯಾಳ, ಅಡಿಕೆಯ ಹಿಂಗಾರ ಹಿಡಿದು ಹೋದೆ. ಕೆರೆ ಇತ್ತು. ಬುಡವೂ ಇತ್ತು. ಅದರ ಹಿಂದೆ ಪಾಚಿಗಟ್ಟಿದ ಕಟ್ಟೆಯ ಮೇಲೆ ಐದು ನಾಗನ ಕಲ್ಲು. ಕಣ್ಣು ತುಂಬಿ ಬಂತು, ಸುಳ್ಳೇಕೆ ಹೇಳಲಿ. ಬನದ ಪೂಜೆ ಮಾಡುವ ಭಟ್ಟರು ಎಪ್ಪತ್ತರ ಹತ್ತಿರದವರು. ನನ್ನ ಹೆಸರು ಕೇಳಿದರು. ಅಡ್ಡಹೆಸರು ಸೇರಿಸಿ ಹೇಳಿದೆ; ನಮ್ಮಲ್ಲಿ ಅಡ್ಡಹೆಸರೆಂದರೆ ಬಳಿಯ ಹೆಸರೇ.

"ಸಮ, ಇದೇ ಬಳಿ," ಎಂದು ಹಾಲಿನ ತಂಬಿಗೆ ಎತ್ತಿಕೊಂಡರು. "ತಾಯಿ ಹೆಸ್ರ್?"

ಹೇಳಿದೆ.

"ಅವ್ರ್ ಇದೇ ಬಳಿಯೇ ಅಲ್ದಾ?"

"ಅಲ್ಲ. ಅಡ್ಡಹೆಸರು ಅಪ್ಪನದು."

ಭಟ್ಟರು ತಂಬಿಗೆ ಕೆಳಗಿಟ್ಟರು. "ಹಂಗಾರೆ ಇದ್ ನಿಮ್ಮ ಮೂಲ ಅಲ್ಲ ಮಾರಾಯ್ರೆ. ನಿಮ್ಮಲ್ಲಿ ಬಳಿ ತಾಯಿಂದ ಬಪ್ಪುದ್. ನಿಮ್ಗೆ ನಿಮ್ಮ ಅಬ್ಬಿ ಬಳಿ."

ಮುಂಬೈ ಶಾಲೆಯಲ್ಲಿ ಎಲ್ಲರಂತೆ ನನಗೂ ಅಪ್ಪನ ಅಡ್ಡಹೆಸರು ಬರೆಸಿದ್ದರು. ನಲವತ್ತೊಂದು ವರ್ಷ ಅದನ್ನೇ ನನ್ನ ಬಳಿ ಎಂದುಕೊಂಡು ತಿರುಗಿದ್ದೆ. ಹಿಂದಿನ ದಿನದ ಜಂಬ ಜರ್ರನೆ ಇಳಿಯಿತು. ಹಾಲು ತಂದಾಗಿದೆಯಲ್ಲ ಎಂದೆ.

"ಕೊಡಿ, ಹಾಕ್ತೆ. ನಾಗನಿಗೆ ಎಲ್ಲರ್ ಹಾಲೂ ಆತ್ತ್. ಆರೆ ನಿಮ್ಮ ಅಪ್ಪಯ್ಯ ಕೇಂಡದ್ದ್ ಮೂಲದ ತನು. ಅದಕ್ಕೆ ಬಳಿಯವ್ರೇ ಬಂದ್ ಕೈ ಮುಗೀಕ್. ಅಪ್ಪಯ್ಯಂಗೆ ಅಕ್ಕತಂಗಿ ಯಾರೂ ಇಲ್ಯಾ? ಅವ್ರಿಗೂ ಇದೇ ಬಳಿ."

ಇದ್ದರು. ಬೈಂದೂರಿನಲ್ಲಿ ಅತ್ತೆ, ಅಪ್ಪನ ಒಬ್ಬಳೇ ತಂಗಿ. ಇಪ್ಪತ್ತೆರಡು ವರ್ಷದ ಹಿಂದೆ ಅವರ ಮಗಳ ಮದುವೆಗೆ ಅಪ್ಪ ಮುಂಬೈಯಿಂದ ಬರಲಿಲ್ಲ. ರಜೆ ಸಿಗಲಿಲ್ಲ ಎಂದು ಪತ್ರ ಹಾಕಿದರು. ಚಪ್ಪರದಲ್ಲಿ ಸೋದರಮಾವ ನಿಲ್ಲಬೇಕಾದ ಜಾಗದಲ್ಲಿ ಯಾರೋ ದೂರದವರು ನಿಂತರು. ಅಂದಿನಿಂದ ಎರಡೂ ಮನೆಗಳಿಗೆ ಮಾತಿಲ್ಲ. ಅಪ್ಪ ಮಂಚ ಹಿಡಿದ ಸುದ್ದಿ ಮುಟ್ಟಿದರೂ ಅತ್ತೆ ಬಂದಿರಲಿಲ್ಲ. ತನು ಯಾರು ಹಾಕಬೇಕೆಂದು ಅಪ್ಪನಿಗೆ ಗೊತ್ತಿಲ್ಲದೆ ಇರುತ್ತದೆಯೇ? ತಂಗಿಯ ಹೆಸರು ಬಾಯಲ್ಲಿ ಬಾರದೆ ನನ್ನನ್ನು ಅಟ್ಟಿದ್ದರು. ಸಿಟ್ಟು ಬಂತು. ಸೇತುವೆ ದಾಟುವಷ್ಟರಲ್ಲಿ ಸಿಟ್ಟು ಹೋಗಿ ಪಾಪ ಅನಿಸಿತು.

ಹನ್ನೊಂದರ ಬಸ್ಸಿನಲ್ಲಿ ಕುಂದಾಪುರ ಬಂತು. ಅಪ್ಪ ಮಲಗಿದ್ದ ನಮ್ಮ ಮನೆ ಅಲ್ಲೇ; ಆದರೂ ನಾನು ಇಳಿಯಲಿಲ್ಲ. ಕಂಡಕ್ಟರಿಗೆ ಹೇಳಿ ಟಿಕೆಟನ್ನು ಬೈಂದೂರಿಗೆ ಮುಂದುವರಿಸಿದೆ. ಮರವಂತೆಯಲ್ಲಿ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಹೊಳೆ. ಎಲ್ಲರೂ ಕಿಟಕಿಯಾಚೆ ನೋಡಿದರು. ನಾನು ಅತ್ತೆಗೆ ಏನು ಹೇಳುವುದೆಂದು ಲೆಕ್ಕ ಹಾಕುತ್ತಿದ್ದೆ.

ಅತ್ತೆ ಅಂಗಳದಲ್ಲಿ ಒಣಮೀನು ತಿರುವಿ ಹಾಕುತ್ತಿದ್ದರು. ನನ್ನನ್ನು ನೋಡಿ ಗುರುತು ಹಿಡಿದರು, ಕೂರು ಎನ್ನಲಿಲ್ಲ. ನಿಂತೇ ಎಲ್ಲ ಹೇಳಿದೆ. ಕೇಳುತ್ತ ಅವರ ಕೈ ಮಾತ್ರ ನಿಲ್ಲಲಿಲ್ಲ.

"ಅವ ನನ್ನ ಹೆಸ್ರ್ ಹೇಳಿ ಕಳ್ಸಿದ್ನಾ?"

"ಇಲ್ಲ ಅತ್ತೆ."

"ಹೇಳುದಿಲ್ಲೆ ಅವ. ಸಣ್ಣಿಪ್ಪಾಗ್ಳೂ ಹಂಗೇ."

ಉಳಿದ ಮೀನನ್ನೂ ತಿರುವಿ ಹಾಕಿದರು. ಆಮೇಲೆ ಒಳಗೆ ಹೋದರು. ಒಲೆಯ ಮೇಲಿದ್ದ ಮೀನುಸಾರಿನ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ತಂದು, ನನ್ನ ಮುಂದೆಯೇ ದಾಟಿ, ಪಕ್ಕದ ಮನೆಗೆ ಕೊಟ್ಟು ಬಂದರು. ಬಾವಿಕಟ್ಟೆಯಲ್ಲಿ ಸಾಬೂನು ಹಾಕಿ ಕೈ ತಿಕ್ಕಿ ತಿಕ್ಕಿ ತೊಳೆದರು. ನನಗೆ ಬೇರೆ ಉತ್ತರ ಬೇಕಾಗಲಿಲ್ಲ. ರಾತ್ರಿ ಇಬ್ಬರೂ ಗಂಜಿ, ಉಪ್ಪಿನಕಾಯಿ ಉಂಡೆವು.

ಬೆಳಿಗ್ಗೆ ಆರೂವರೆಗೆ ಹೊರಟೆವು. ನೇರ ಬ್ರಹ್ಮಾವರಕ್ಕೆ ಎರಡು ಟಿಕೆಟ್ ಕೇಳಿದೆ. ಅಪ್ಪನನ್ನು ನೋಡುವ ಮಾತನ್ನು ನಾನೂ ಎತ್ತಿರಲಿಲ್ಲ, ಅತ್ತೆಯೂ ಎತ್ತಿರಲಿಲ್ಲ. ಮಡಿಲಲ್ಲಿ ಹಾಲಿನ ಕ್ಯಾನು ಇಟ್ಟುಕೊಂಡು ಅವರು ದಾರಿಯುದ್ದಕ್ಕೂ ಕಣ್ಣು ಮುಚ್ಚಿದ್ದರು, ನಿದ್ದೆ ಎಂದುಕೊಂಡೆ. ಕಂಡಕ್ಟರ್ ಕುಂದಾಪುರ ಎಂದು ಕೂಗುವ ಮೊದಲೇ ಅತ್ತೆ ಎದ್ದು ಹೋಗಿ ಬಸ್ಸಿನ ಬಾಗಿಲಲ್ಲಿ ನಿಂತಿದ್ದರು.